ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಕಣ್ಣಿನ ಟೆಸ್ಟ್ ಬೇಕೇ ಬೇಕಾ?

ನಿಮ್ಮ ತಂಗಿಯ ಮಗು 31 ವಾರಕ್ಕೆ ಹುಟ್ಟಿದ್ದು, ತೂಕ 1500 ಗ್ರಾಂ, ಈಗ 24 ದಿನ. ಊರಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಕಣ್ಣಿಗೆ ಏನೂ ಇಲ್ಲ ಅಂದಿದ್ದಾರೆ, ಆದರೂ ಮಂಗಳೂರಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಹೋಗಬೇಕು. ಈ ವಾರವೇ ಹೋಗಿ. ಬಾಣಂತನದ 40 ದಿನ ಮುಗಿಯಲಿ ಅಂತ ಕಾಯಬೇಡಿ.

ನಾನು ಬದಿಯಡ್ಕದ ಕಡೆ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್. ಟಾರ್ಚಿನಲ್ಲಿ ಕಾಣುವುದು ಕಣ್ಣಿನ ಮುಂಭಾಗ ಮಾತ್ರ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಬರುವ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಅನ್ನುವ ಕಣ್ಣಿನ ಕಾಯಿಲೆ ಇರುವುದು ಹಿಂದಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ. ಅಲ್ಲಿನ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದೇ ಸುಮಾರು 40 ವಾರಕ್ಕೆ. ಮಗು ಮೊದಲೇ ಹುಟ್ಟಿದರೆ ಆ ಬೆಳವಣಿಗೆ ನಡುವೆ ನಿಂತು, ಆಮೇಲೆ ಹೊಸ ನಾಳಗಳು ಅಡ್ಡಾದಿಡ್ಡಿ ಹುಟ್ಟಿಕೊಳ್ಳಬಹುದು, ಅದು ಜಾಸ್ತಿಯಾದರೆ ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಇಷ್ಟೆಲ್ಲ ಆಗುವಾಗಲೂ ಹೊರಗಿನಿಂದ ಕಣ್ಣು ಚೆಂದವೇ ಕಾಣುತ್ತದೆ. ಪಾಪೆ ಬೆಳ್ಳಗೆ ಕಂಡ ಮೇಲೆ ಓಡಿದರೆ ತುಂಬಾ ತಡವಾಗಿರುತ್ತದೆ.

ನಮ್ಮ ದೇಶದ ನಿಯಮ ಹೀಗಿದೆ: 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ.

ಡಾಕ್ಟರನ್ನು ಬೈಯಬೇಡಿ, ಆದರೆ ನನಗೆ ಸಂಕಟ ಆಗುವುದು ಇಲ್ಲೇ. ಮಗು ಲಸಿಕೆಗೆ ನಮ್ಮಲ್ಲಿಗೆ ಬರುವುದು ಒಂದೂವರೆ ತಿಂಗಳಿಗೆ. ಅಷ್ಟರಲ್ಲಿ 30 ದಿನ ದಾಟಿರುತ್ತದೆ. ಅದಕ್ಕೆ ಮೊದಲು ಶೀತ ಅಂತಲೋ ಹಾಲು ಕುಡಿಯಲ್ಲ ಅಂತಲೋ ಮಗುವನ್ನು ತಂದಾಗ ಎಷ್ಟು ವಾರಕ್ಕೆ ಹುಟ್ಟಿದ್ದು, ತೂಕ ಎಷ್ಟಿತ್ತು, ಕಣ್ಣಿನ ಟೆಸ್ಟ್ ಆಯ್ತಾ ಅಂತ ಕೇಳುವವರು ಬೇಕಲ್ವಾ? ಹೊರರೋಗಿಗಳ ಗದ್ದಲದಲ್ಲಿ ಕೂತ ಡಾಕ್ಟರಿಗೆ ಇಂಥ ಸಣ್ಣ ಮಕ್ಕಳು ಸಿಗುವುದು ಅಪರೂಪ, ಹಾಗಾಗಿ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಆಶಾ ಕಾರ್ಯಕರ್ತೆಯರು 14, 21, 28ನೇ ದಿನ ಮನೆಗೆ ಬರುತ್ತಾರೆ. ಅವರಿಗೂ ನಮಗೂ ಇದನ್ನು ಸರಿಯಾಗಿ ಕಲಿಸಿದರೆ ಎಷ್ಟೋ ಮಕ್ಕಳ ಕಣ್ಣು ಉಳಿಯುತ್ತದೆ.

ಹೊರಡುವ ಮೊದಲು ಫೋನ್ ಮಾಡಿ, ಆರ್‌ಒಪಿ ನೋಡುವ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ಕೇಳಿ. ಎಲ್ಲ ಕಣ್ಣಿನ ಡಾಕ್ಟರೂ ಇದನ್ನು ನೋಡುವುದಿಲ್ಲ, ಸುಮ್ನೆ ಹೋಗಿ ವಾಪಸ್ ಬರಬೇಕಾದೀತು. ಡಿಸ್ಚಾರ್ಜ್ ಚೀಟಿ ಮರೆಯಬೇಡಿ. ಪಾಪೆ ಅಗಲ ಆಗಲು ಔಷಧಿ ಬಿಡುತ್ತಾರೆ, ಮಗು ಅಳುತ್ತದೆ, ಅದಕ್ಕೆ ಹೆದರಬೇಡಿ. ಹಾಲು ಯಾವಾಗ ಕೊಡಬೇಕು ಅಂತ ಮೊದಲೇ ಕೇಳಿಕೊಳ್ಳಿ, ತಪಾಸಣೆಗೆ ತೀರಾ ಮುಂಚೆ ಕುಡಿಸಿದರೆ ವಾಂತಿ ಮಾಡಬಹುದು. ಒಂದು ಸಲ ನೋಡಿದರೆ ಮುಗಿಯಿತು ಅಂತಲ್ಲ, ನಾಳಗಳು ಪೂರ್ತಿ ಬೆಳೆಯುವವರೆಗೆ ಒಂದೆರಡು ವಾರಕ್ಕೊಮ್ಮೆ ಕರೆಯಬಹುದು. ಲೇಸರ್ ಅಥವಾ ಇಂಜೆಕ್ಷನ್ ಬೇಕು ಅಂದರೆ ಊರಿಗೆ ಬಂದು ಯೋಚಿಸುತ್ತಾ ಕೂರಬೇಡಿ, ಎರಡು ಮೂರು ದಿನದೊಳಗೆ ಆಗಬೇಕಾದ ಕೆಲಸ ಅದು. ರಿಪೋರ್ಟ್ ಸಿಕ್ಕಿದ ಮೇಲೆ ಊರಿನ ಡಾಕ್ಟರಿಗೂ ತೋರಿಸಿ, ಮುಂದಿನ ತಾರೀಕು ಅವರ ಹತ್ತಿರವೂ ಬರೆಸಿಡಿ.