ಪ್ರತಿಕ್ರಿಯೆ: ಜವುಗಿನ ಮೇಲೆ ತೇಲುವ ಹಳಿ

ಸುರಿದ ಮಣ್ಣೆಲ್ಲ ಮುಳುಗುವ, ಇಂಗ್ಲೆಂಡಿನ ಚಾಟ್ ಮಾಸ್ ಜವುಗಿನ ಮೇಲೆ 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಹೇಗೆ ಓಡಿತು ಎಂದು ಕೇಳಿದ್ದೀರಿ. ಆ ಮಾರ್ಗದ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಗಟ್ಟಿ ತಳ ಹುಡುಕುವ ಹಟ ಹಿಡಿಯದೆ ಹಳಿಯನ್ನೇ ತೇಲಿಸಿದರು. ಹೆದರ್ ಪೊದೆ, ಮರದ ರೆಂಬೆಗಳಿಂದ ಹೆಣೆದ ತಡಿಕೆಗಳನ್ನು ಹಾಸಿ, ಮೇಲೆ ಮಣ್ಣು, ಜಲ್ಲಿ ಹರಡಿಸಿದರು. ಕೆಸರಿನಲ್ಲಿ ಹಲಗೆ ಹಾಕಿ ನಡೆದಂತೆ ಭಾರ ಅಗಲಕ್ಕೆ ಹಂಚಿಹೋಯಿತು.

ಆದರೆ ನಿಜವಾದ ಶತ್ರು ನೀರು! ಪೀಟ್, ಅಂದರೆ ಅರೆಕೊಳೆತ ಪಾಚಿಯ ಪದರ, ನೆನೆದ ಸ್ಪಂಜಿನಂತಿರುತ್ತದೆ. ತೋಡಿದ ಕಾಲುವೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಆಗ ಡಾಂಬರಿನ ಖಾಲಿ ಪೀಪಾಯಿಗಳನ್ನು ಸಾಲಾಗಿ ಜೋಡಿಸಿ ನೀರು ಹರಿದುಹೋಗಲು ಕೊಳವೆ ಮಾಡಿದ್ದು ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಮ್ಯಾಂಚೆಸ್ಟರ್ ಕಡೆಯ ಅಂಚಿನಲ್ಲಂತೂ ಒಡ್ಡು ವಾರಗಟ್ಟಲೆ ಮಣ್ಣು ನುಂಗಿತು. ಅವರು ಸುರಿಯುವುದನ್ನು ಬಿಡಲಿಲ್ಲ. ಆ ಮಾರ್ಗದಲ್ಲಿ ಇಂದಿಗೂ ರೈಲುಗಳು ಓಡುತ್ತಿವೆ.