ಕಾರವಾರದ ಅಟ್ಟದಲ್ಲಿ ಸಿಕ್ಕ ಪೋಕೆಮಾನ್ ರೆಡ್ ಅಸಲಿಯೇ?
ನಿಂಟೆಂಡೊ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಈ ಹಳೆಯ ಕಾರ್ಟ್ರಿಜ್‌ನಲ್ಲಿ ಸೇವ್, ಅಂದರೆ ಆಡಿದಷ್ಟು ಆಟ, ಉಳಿಯುತ್ತಿಲ್ಲ ಅಂದ ಮಾತ್ರಕ್ಕೆ ನಕಲಿ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 1998ರಲ್ಲಿ ಬಂದ ಆಟ, ಸೇವ್ ಹಿಡಿದಿಡುವ ಒಳಗಿನ ಬಟನ್ ಸೆಲ್ ಮುಗಿದಿರಬಹುದು ಅಲ್ವಾ. ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಅಸಲಿಯಲ್ಲಿ ಸಾಮಾನ್ಯವಾಗಿ ಎರಡಂಕಿಯ ಸಂಖ್ಯೆ ಒತ್ತಿದ ಗುರುತು ಕಾಣುತ್ತದೆ. ಆಮೇಲೆ ಇಂಥ ಕಾರ್ಟ್ರಿಜ್ ಸ್ಕ್ರೂಗೆಂದೇ ಇರುವ ವಿಶೇಷ ಸ್ಕ್ರೂಡ್ರೈವರ್, 3.8 ಮಿಮೀ ಗೇಮ್‌ಬಿಟ್‌ನಲ್ಲಿ ಬಿಚ್ಚಿ, ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಇದೆಯಾ ನೋಡಿ. ನಮ್ಮ ಕಡೆ ಉಪ್ಪುಗಾಳಿ ಬೇರೆ. ಅಂಕೋಲೆಯ ಮನೆಯಲ್ಲಿ ಎರಡು ಮಳೆಗಾಲ ಸುಮ್ನೆ ಬಿಟ್ಟಿದ್ದ ನನ್ನ ಕಾರ್ಟ್ರಿಜ್‌ನ ಪಿನ್ನುಗಳು ಹಸಿರುಗಟ್ಟಿದ್ದವು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಉಜ್ಜಿದ ಮೇಲೆ ಆಟ ಶುರುವಾಯಿತು. ಮರಳುಕಾಗದ ಮಾತ್ರ ಬೇಡವೇ ಬೇಡ. ಬೆಲೆಗೆ ಈಬೇಯಲ್ಲಿ ಮಾರುವವರು ಕೇಳುವ ರೇಟು ನಂಬಬೇಡಿ, ಮಾರಾಟವಾಗಿ ಮುಗಿದದ್ದನ್ನು ನೋಡಿ. ಡಬ್ಬಿ, ಪುಸ್ತಿಕೆ ಇದ್ದರೆ ಜಾಸ್ತಿ ಸಿಗುತ್ತದೆ, ಅಟ್ಟದಲ್ಲಿ ಇನ್ನೊಮ್ಮೆ ಹುಡುಕಿ.