ಕ್ಲಚ್ ಬಿಚ್ಚೋಕೆ ಮೊದ್ಲು ಹಿಂದಿನ ಚಕ್ರ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ತುಮಕೂರು ಕಡೆಯವನು, ಈಗ ಟೆಕ್ಸಾಸ್‌ನಲ್ಲಿದೀನಿ. 2016ರ ಪೊಲಾರಿಸ್ ಸ್ಲಿಂಗ್‌ಶಾಟ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, ಹಿಂದಿನ ಓನರ್ ಟರ್ಬೊ ಕಿಟ್ ಹಾಕ್ಸಿದ್ರಂತೆ. ಜೋರಾಗಿ ಆಕ್ಸಿಲರೇಟರ್ ಕೊಟ್ರೆ ಆರ್‌ಪಿಎಂ ಏರುತ್ತೆ, ಆದ್ರೆ ಗಾಡಿ ಆ ಲೆಕ್ಕಕ್ಕೆ ಎಳೆಯಲ್ಲ. ಇಲ್ಲೊಂದು ಗ್ಯಾರೇಜಲ್ಲಿ ತೋರಿಸಿದ್ದಕ್ಕೆ ಕ್ಲಚ್ ಹೋಗಿದೆ, ರೇಸಿಂಗ್ ಗಾಡಿಗೆ ಹಾಕೋ ಸೆರಾಮಿಕ್ ಪ್ಲೇಟ್ ಹಾಕ್ಸಿ, ಬೆಲ್ಟೂ ಬದಲಾಯಿಸಿಬಿಡಿ ಅಂದ್ರು. ಅವರು ಹೇಳಿದ ರೇಟ್ ಕೇಳಿ ತಲೆ ತಿರುಗ್ತು. ನಿಜವಾಗ್ಲೂ ಇಷ್ಟೆಲ್ಲಾ ಬೇಕಾ? ಮನೆ ಗ್ಯಾರೇಜಲ್ಲೇ ಮಾಡ್ಕೋಬಹುದಾ?
– ಒಬ್ಬ ಓದುಗರು, ಡಲ್ಲಾಸ್

ಉತ್ತರ: ಈ ಗಾಡಿ ನೋಡದೇ ಇರೋವ್ರಿಗೆ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ. ಸ್ಲಿಂಗ್‌ಶಾಟ್‌ಗೆ ಮುಂದೆ ಎರಡು ಚಕ್ರ, ಹಿಂದೆ ದಪ್ಪದ್ದು ಒಂದೇ ಒಂದು, ಸ್ಟೀರಿಂಗ್, ಪೆಡಲ್, ಗೇರ್ ಎಲ್ಲಾ ಕಾರಿನ ಥರಾನೇ ಇರುತ್ತೆ, ಬಾಗಿಲು ಮಾತ್ರ ಇಲ್ಲ. 2014ರಲ್ಲಿ ಹೊರಗೆ ಬಂತು. 2019ರ ಮಾಡೆಲ್ ತನಕ ಜಿಎಂನವರ 2.4 ಲೀಟರ್ ಇಕೋಟೆಕ್ ಎಂಜಿನ್, 173 ಹಾರ್ಸ್‌ಪವರ್, ಐದು ಗೇರಿನ ಮ್ಯಾನುವಲ್ ಬಾಕ್ಸ್. ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್, ಆಮೇಲೆ ಗೇರ್‌ಬಾಕ್ಸ್, ಅದರ ಹಿಂದೆ ಆಂಗಲ್ ಡ್ರೈವ್ ಅಂತ ಒಂದು ಸಣ್ಣ ಡಬ್ಬಿ, ಅದ್ರೊಳಗಿನ ಬೆವೆಲ್ ಗೇರು ತಿರುಗೋ ದಿಕ್ಕನ್ನ ಅಡ್ಡಕ್ಕೆ ಬದಲಾಯಿಸುತ್ತೆ, ಅಲ್ಲಿಂದ ಕಾರ್ಬನ್ ಫೈಬರ್ ಎಳೆ ಇರೋ ಹಲ್ಲಿನ ಬೆಲ್ಟು ಹಿಂದಿನ ಚಕ್ರಕ್ಕೆ ಹೋಗುತ್ತೆ. ಎಂಜಿನ್‌ನ ಅಷ್ಟೂ ಜೋರು ಕೊನೆಗೆ ಒಂದೇ ಟೈರಿನ ಮೇಲೆ ಬೀಳೋದು, ಇದನ್ನ ತಲೇಲಿಟ್ಕೊಂಡು ಮುಂದೆ ಓದಿ.

ಆರ್‌ಪಿಎಂ ಏರುತ್ತೆ ಗಾಡಿ ಎಳೆಯಲ್ಲ ಅಂದ ತಕ್ಷಣ ಕ್ಲಚ್ ಅಂತ ತೀರ್ಮಾನ ಮಾಡೋದು ಬೇಡ. ಟರ್ಬೊ ಇರೋ ಗಾಡೀಲಿ ಎರಡನೇ ಗೇರಲ್ಲಿ ಪೆಡಲ್ ಪೂರ್ತಿ ತುಳಿದ್ರೆ ಹಿಂದಿನ ಟೈರೇ ಸುಮ್ಮನೆ ಗಿರಗಿರ ತಿರುಗಿಬಿಡುತ್ತೆ, ಟೈರ್ ಸವೆದಿದ್ರೆ ಅಥವಾ ಹಳೇದಾಗಿ ಗಟ್ಟಿಯಾಗಿದ್ರೆ ಇನ್ನೂ ಬೇಗ. ಸೀಟಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನ್ಸುತ್ತೆ. ಹೀಗೆ ಮಾಡಿ: ಒಣಗಿದ, ಖಾಲಿ ಇರೋ, ನೇರ ರಸ್ತೇಲಿ ನಾಲ್ಕನೇ ಗೇರಿಗೆ ಹಾಕಿ, 2,500 ಆರ್‌ಪಿಎಂ ಆಸುಪಾಸಲ್ಲಿ ಇಟ್ಕೊಂಡು ಆಕ್ಸಿಲರೇಟರ್ ಪೂರ್ತಿ ಕೊಡಿ. ಮೇಲಿನ ಗೇರಲ್ಲಿ ಟೈರ್ ಜಾರೋ ಸಾಧ್ಯತೆ ಕಮ್ಮಿ. ಆಗ್ಲೂ ಮುಳ್ಳು ಸರ್ರನೆ ಮೇಲಕ್ಕೆ ಹೋಗಿ, ಪಕ್ಕದಲ್ಲಿ ಕೂತವರ ಫೋನಿನ ಜಿಪಿಎಸ್ ಸ್ಪೀಡ್ ಅಲ್ಲೇ ನಿಂತಿದ್ರೆ, ಟ್ರಾಕ್ಷನ್ ಕಂಟ್ರೋಲ್ ಲೈಟೂ ಮಿಣುಕದೇ ಇದ್ರೆ, ಕ್ಲಚ್ ಸ್ಲಿಪ್ ಹೊಡೀತಿದೆ ಅಂತಾನೇ ಲೆಕ್ಕ. ಲೈಟ್ ಮಿಣುಕಿದ್ರೆ ಮೊದ್ಲು ಟೈರ್ ನೋಡಿ. ಕ್ಲಚ್ ಸ್ಲಿಪ್ ಆದ್ರೆ ಜೊತೆಗೆ ಸುಟ್ಟ ವಾಸನೇನೂ ಬರುತ್ತೆ, ಅದು ಒಂದ್ಸಲ ಮೂಗಿಗೆ ಹೊಡೆದ್ರೆ ಮರೆಯಲ್ಲ.

ಕ್ಲಚ್ಚೇ ಅಂತ ಖಾತ್ರಿ ಆದ್ಮೇಲೂ ಯಾಕೆ ಅಂತ ಕೇಳ್ಕೋಬೇಕು. ಬೆಲ್ ಹೌಸಿಂಗ್ (ಕ್ಲಚ್ ಸುತ್ತ ಇರೋ ಕವಚ) ಕೆಳಗೆ ಎಣ್ಣೆ ಜಿನುಗ್ತಿದ್ಯಾ ನೋಡಿ. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸ್ ಮುಂದಿನ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ಹತ್ತಿದ್ರೆ, ಪ್ಲೇಟ್ ಸವೆಯದೇ ಇದ್ರೂ ಜಾರುತ್ತೆ, ನೀವು ಎಷ್ಟು ದುಬಾರಿ ಕ್ಲಚ್ ಹಾಕಿದ್ರೂ ಸೀಲ್ ಬದಲಾಯಿಸದೇ ಹೋದ್ರೆ ಮತ್ತೆ ಅದೇ ಕಥೆ.

ಈಗ ಸೆರಾಮಿಕ್ ವಿಷಯ. ನಂಗೆ ಆ ಸಲಹೆ ಇಷ್ಟ ಆಗ್ಲಿಲ್ಲ. ಸೆರಾಮಿಕ್ ಪ್ಲೇಟ್ ಗಬಕ್ಕನೆ ಹಿಡಿಯುತ್ತೆ, ಟ್ರ್ಯಾಕಲ್ಲಿ ಓಡ್ಸೋವ್ರಿಗೆ ಸರಿ, ಆದ್ರೆ ಸಿಗ್ನಲ್ಲಲ್ಲಿ ನಿಂತು ಹೊರಡೋ ಗಾಡೀಲಿ ಪ್ರತಿ ಸಲ ಗಾಡಿ ಜರ್ಕ್ ಹೊಡೆಯುತ್ತೆ, ಮತ್ತೆ ಆ ಏಟು ಎಲ್ಲಿಗೆ ಹೋಗುತ್ತೆ ಹೇಳಿ? ಜಾರೋ ಕ್ಲಚ್ಚು ಇಷ್ಟು ದಿನ ನಿಮ್ಮ ಆಂಗಲ್ ಡ್ರೈವ್ ಮತ್ತೆ ಬೆಲ್ಟನ್ನ ಒಂಥರಾ ಕಾಪಾಡ್ತಿತ್ತು, ಅದನ್ನ ಕಬ್ಬಿಣದ ಹಿಡಿತ ಮಾಡಿದ್ರೆ ಮುಂದಿನ ಸಲ ಮುರಿಯೋದು ಬೆವೆಲ್ ಗೇರಿನ ಹಲ್ಲು, ಇಲ್ಲಾ ಬೆಲ್ಟಿನ ಹಲ್ಲು. ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನ ಒತ್ತಿ ಹಿಡಿಯೋದು) ಸ್ವಲ್ಪ ಬಿಗಿ ಇರೋದು, ಕ್ಲಚ್ ಪ್ಲೇಟ್ ಮಾತ್ರ ಆರ್ಗ್ಯಾನಿಕ್ ಲೈನಿಂಗಿಂದು, ನಡುವೆ ಸ್ಪ್ರಿಂಗ್ ಇರೋ ಹಬ್ಬಿಂದು, ಇಂಥಾ ಸೆಟ್ ತಗೊಳ್ಳಿ. ಆ ಸ್ಪ್ರಿಂಗುಗಳೇ ಏಟು ನುಂಗೋದು. ಟರ್ಬೊ ಎಷ್ಟು ಟಾರ್ಕ್ ಕೊಡುತ್ತೆ ಅಂತ ಕಿಟ್ ಮಾಡಿದವರನ್ನ ಕೇಳಿ, ಅದಕ್ಕಿಂತ ಸ್ವಲ್ಪ ಜಾಸ್ತಿ ತಡೆಯೋ ಕ್ಲಚ್ ಸಾಕು, ಎರಡರಷ್ಟು ತಡೆಯೋದು ಬೇಡ.

ಮನೇಲಿ ಮಾಡಬಹುದಾ ಅಂದ್ರೆ, ಗೇರ್‌ಬಾಕ್ಸ್ ಇಳಿಸೋ ಜಾಕು, ಟಾರ್ಕ್ ರೆಂಚು, ನಿಮ್ಮ ವರ್ಷದ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್ಲು, ಜೊತೆಗೊಬ್ಬ ಸ್ನೇಹಿತ ಇಷ್ಟು ಇದ್ರೆ ಮಾಡಬಹುದು. ಎಲ್ಲಾಕ್ಕಿಂತ ಮೊದ್ಲು ಬ್ಯಾಟರಿ ಕನೆಕ್ಷನ್ ತೆಗೀರಿ. ಹಿಂದೆ ಒಂದೇ ಚಕ್ರ ಅಂತ ಹಿಂದುಗಡೆ ಮಧ್ಯಕ್ಕೆ ಒಂದೇ ಜಾಕ್ ಕೊಟ್ಟು ಅಡಿಗೆ ನುಸುಳಬೇಡಿ ದಯವಿಟ್ಟು, ಗೇರ್‌ಬಾಕ್ಸ್ ಎಳೆಯೋವಾಗ ಭಾರ ಆಕಡೆ ಈಕಡೆ ವಾಲುತ್ತೆ, ಫ್ರೇಮಿನ ಎರಡೂ ಬದಿಗೆ ಸ್ಟ್ಯಾಂಡ್ ಇರಲೇಬೇಕು.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್ ಒಂದನ್ನೇ ಬದಲಾಯಿಸಿ ಮುಚ್ಚೋದು ದಂಡ. ಇಲ್ಲಿ ಕ್ಲಚ್ ಒತ್ತೋ ಹೈಡ್ರಾಲಿಕ್ ಸ್ಲೇವ್ ಸಿಲಿಂಡರ್ರು ಬೆಲ್ ಹೌಸಿಂಗ್ ಒಳಗೇ ಕೂತಿರುತ್ತೆ, ರಿಲೀಸ್ ಬೇರಿಂಗೂ ಅದರ ಜೊತೆಗೇ. ಆರು ತಿಂಗಳಿಗೆ ಅದು ಸೋರೋಕೆ ಶುರು ಆದ್ರೆ ಮತ್ತೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಪಾರ್ಟಿಗಿಂತ ಕೂಲಿ ಜಾಸ್ತಿ, ಹಾಗಾಗಿ ಸ್ಲೇವು ಮತ್ತೆ ಆ ಎರಡು ಸೀಲು ಹೊಸದೇ ಹಾಕಿ. ಫ್ಲೈವೀಲ್ (ಕ್ಲಚ್ ಪ್ಲೇಟ್ ಒರಗೋ, ಎಂಜಿನ್ ಕಡೆಯ ಭಾರದ ಚಕ್ರ) ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಕಂಡ್ರೆ ಲೇತ್‌ಗೆ ಕೊಡಿ, ಬಿರುಕು ಆಳಕ್ಕಿದ್ರೆ ಬದಲಾಯಿಸಿ.

ಹೊಸ ಪ್ರೆಷರ್ ಪ್ಲೇಟ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಪದರ ಹಚ್ಚಿ ಕಳಿಸಿರ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗೆ ಅಂತ ಅದರ ಮೇಲೇ ಬರೆದಿರುತ್ತೆ, ಅವಸರದಲ್ಲಿ ಉಲ್ಟಾ ಹಾಕೋವ್ರು ಬೇಕಾದಷ್ಟು ಜನ ಇದಾರೆ. ಅಲೈನ್‌ಮೆಂಟ್ ಕಡ್ಡಿ ತೂರಿಸಿ, ಬೋಲ್ಟ್‌ಗಳನ್ನ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗೀತಾ ಬನ್ನಿ, ಕೊನೇ ಬಿಗಿ ಮ್ಯಾನುವಲ್ ಪ್ರಕಾರ. ಗೇರ್‌ಬಾಕ್ಸ್ ವಾಪಸ್ ಸೇರಿಸೋವಾಗ ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಬಾರದು, ಪ್ಲೇಟಿನ ಹಬ್ ಬೆಂಡ್ ಆಗಿ ಕ್ಲಚ್ ಸರಿಯಾಗಿ ಬಿಡೋದೇ ಇಲ್ಲ, ಗೇರ್ ಹಾಕೋವಾಗ ಕರಕರ ಅನ್ನುತ್ತೆ. ಬೋಲ್ಟ್ ಬಿಗಿದು ಎಳ್ಕೊಂಡು ಕೂರಿಸೋದಂತೂ ಬೇಡ್ವೇ ಬೇಡ, ಕೈಯಲ್ಲಿ ತಳ್ಳಿದ್ರೆ ಒಳಗೆ ಹೋಗಬೇಕು, ಹೋಗ್ಲಿಲ್ಲ ಅಂದ್ರೆ ಏನೋ ಓರೆ ಇದೆ. ಆಮೇಲೆ ಕ್ಲಚ್ಚಿನ ಹೈಡ್ರಾಲಿಕ್ ಪೈಪಲ್ಲಿ ಸೇರಿರೋ ಏರ್ ತೆಗೆದು, ಸುಮಾರು 500 ಮೈಲಿ ತನಕ ಊರೊಳಗೇ ಮೆತ್ತಗೆ ಓಡ್ಸಿ, ಟರ್ಬೊ ಆಸೆ ಅಲ್ಲೀವರೆಗೆ ತಡ್ಕೊಳ್ಳಿ.

ಬೆಲ್ಟ್ ಬೇಕಾ? ನೋಡದೇ ಹೇಳೋಕಾಗಲ್ಲ. ಹಲ್ಲಿನ ಬುಡದಲ್ಲಿ ಬಿರುಕು, ಅಂಚು ಒಂದೇ ಕಡೆ ಸವೆತ, ಕಲ್ಲು ಸಿಕ್ಕಿ ತೂತು ಇದ್ರೆ ಬದಲಾಯಿಸಿ, ಇಲ್ಲಾಂದ್ರೆ ಅದನ್ನೇ ಹಾಕಿ. ಆದ್ರೆ ಬಿಚ್ಚಿಟ್ಟಾಗ ಮಡಚಿ ಮೂಲೆಗೆ ತುರುಕಬೇಡಿ, ಒಳಗಿನ ಕಾರ್ಬನ್ ಎಳೆ ಮುರಿದುಹೋಗುತ್ತೆ, ಹೊರಗೆ ಏನೂ ಕಾಣಲ್ಲ.

ಪ್ರಶ್ನೆ: ನಂದೂ ಸ್ಲಿಂಗ್‌ಶಾಟೇ, 2018ರದ್ದು, ಏನೂ ಮಾಡ್ಸಿಲ್ಲ ಸ್ಟಾಕ್ ಗಾಡಿ. ಸ್ಪೀಡ್ ಜಾಸ್ತಿ ಆದಂಗೆ ಹಿಂದಿನಿಂದ ಕುಯ್ಯ್ ಅಂತ ಸೌಂಡು. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ರೆ ಟಕ್ ಅನ್ನುತ್ತೆ. ಗೇರ್‌ಬಾಕ್ಸ್ ಹೋಯ್ತಾ?
– ಫೀನಿಕ್ಸ್, ಅರಿಜೋನಾ

ಉತ್ತರ: ಸೌಂಡ್ ಬರ್ತಿರೋ ಸ್ಪೀಡಲ್ಲಿ ನ್ಯೂಟ್ರಲ್‌ಗೆ ಹಾಕಿ ಗಾಡಿ ಹಾಗೇ ಉರುಳೋಕೆ ಬಿಡಿ. ಎಂಜಿನ್ ಐಡಲ್‌ಗೆ ಇಳಿದ್ರೂ ಕುಯ್ಯ್ ಅನ್ನೋದು ಗಾಡಿ ಸ್ಪೀಡಿನ ಜೊತೆಗೇ ನಡೀತಿದ್ರೆ ಕ್ಲಚ್ ಮೇಲಿನ ಅನುಮಾನ ಬಿಡಿ. ಆಂಗಲ್ ಡ್ರೈವು, ಬೆಲ್ಟು, ಚಕ್ರದ ಬೇರಿಂಗು, ಈ ಮೂರರಲ್ಲೊಂದು. ಆಂಗಲ್ ಡ್ರೈವ್ ಎಣ್ಣೆ ಇಳಿಸಿ ನೋಡಿ, ನುಣ್ಣನೆ ಬೂದು ಬಣ್ಣದ ಪುಡಿ ಸ್ವಲ್ಪ ಇದ್ರೆ ಮಾಮೂಲು, ಕೈಗೆ ಚುಚ್ಚೋ ಚೂರು ಸಿಕ್ಕಿದ್ರೆ ಗಾಡಿ ನಿಲ್ಸಿ. ಅದಕ್ಕೂ ಮುಂಚೆ ಬೆಲ್ಟ್ ಟೆನ್ಷನ್ ಅಳತೆ ಮಾಡ್ಸಿ. ಬೆಲ್ಟ್ ಸಡಿಲ ಇದ್ರೆ ಹಲ್ಲು ಹಾರುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಹಾಗಾಗಿ ಹೆದರಿ ಬಿಗಿ ಮಾಡಿಬಿಡ್ತಾರೆ, ಅತಿ ಬಿಗಿ ಬೆಲ್ಟು ಆಂಗಲ್ ಡ್ರೈವಿನ ಬೇರಿಂಗನ್ನ ದಿನಾ ಒಂದೇ ಕಡೆ ಎಳೀತಾ ಇರುತ್ತೆ. ನಿಮ್ಮ ಸೌಂಡಿಗೆ ಬರೀ ಅದೇ ಕಾರಣ ಆಗಿದ್ರೆ ಬಚಾವ್.

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರ್ ಆಗಿದೀನಿ, 2013ರ ಮಾರ್ಗನ್ ತ್ರೀ ವೀಲರ್ ಇದೆ. ಟಾಪ್ ಗೇರಲ್ಲಿ ನಿಧಾನಕ್ಕೆ ಹೋದ್ರೆ ಗಾಡಿ ಪೂರ್ತಿ ಅದುರುತ್ತೆ. ಕ್ಲಚ್ ಬದಲಾಯಿಸಿದ್ರೆ ಸರಿಹೋಗುತ್ತಾ?

ಉತ್ತರ: ಕ್ಲಚ್‌ನಿಂದ ಬರೋ ನಡುಕ ಗಾಡಿ ಹೊರಡೋವಾಗ ಬರುತ್ತೆ, ಓಡ್ತಿರೋವಾಗ ಅಲ್ಲ. ನಿಮ್ಮದು 1983 ಸಿಸಿಯ ಎರಡೇ ಸಿಲಿಂಡರಿನ ಎಂಜಿನ್ನು, ಒಂದೊಂದು ಏಟೂ ದೊಡ್ಡದು. ಅದನ್ನ ನುಂಗೋಕೆ ಅಂತಾನೇ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಕಾಂಪೆನ್ಸೇಟರ್ ಇಟ್ಟಿರೋದು. ಟಾಪ್ ಗೇರಲ್ಲಿ ನಿಧಾನಕ್ಕೆ ಎಳೆಸಿದ್ರೆ ಏಟೆಲ್ಲಾ ಅದರ ಮೇಲೆ, ಆಮೇಲೆ ಬೆವೆಲ್ ಬಾಕ್ಸ್, ಬೆಲ್ಟು. ಒಂದು ಗೇರ್ ಇಳಿಸಿ ಓಡ್ಸಿ, ಆಗ್ಲೂ ಅದುರಿದ್ರೆ ಕಾಂಪೆನ್ಸೇಟರ್ ಬಿಚ್ಚಿಸಿ ನೋಡಿ. ಗೇರ್‌ಬಾಕ್ಸ್ ಮಜ್ದಾ ಎಂಎಕ್ಸ್-5ರದ್ದು, ಹಾಗಾಗಿ ಆ ಭಾಗಕ್ಕೆ ಪಾರ್ಟು ಹುಡುಕೋ ಕಷ್ಟ ಕಮ್ಮಿ. ಹಳೇ ಎರಡು ಗೇರಿನ ಮಾರ್ಗನ್‌ಗಳಲ್ಲಿ ಹಿಂದಿನ ಚಕ್ರದ ಆಕಡೆ ಈಕಡೆ ಒಂದೊಂದು ಚೈನು, ಒಂದೊಂದು ಗೇರಿಗೆ ಒಂದೊಂದು! ಆ ಗಾಡಿ ಇಟ್ಕೊಂಡಿರೋ ಕನ್ನಡಿಗರು ಯಾರಾದ್ರೂ ಇದ್ರೆ ಬರೀರಿ, ನಂಗೇ ಕುತೂಹಲ.

ಪ್ರಶ್ನೆ: ಕ್ಯಾನ್-ಆಮ್ ರೈಕರ್‌ಗೆ ಕ್ಲಚ್ ಪ್ಲೇಟ್ ಎಷ್ಟು ಕಿಲೋಮೀಟರಿಗೆ ಹಾಕ್ಸಬೇಕು?
– ಟೊರೊಂಟೊ

ಉತ್ತರ: ಮೂರು ಚಕ್ರದ ಆ ಬೈಕಲ್ಲಿ ನೀವು ಕೇಳೋ ಥರದ ಕ್ಲಚ್ ಪ್ಲೇಟ್ ಇಲ್ಲ, ಅದ್ರಲ್ಲಿರೋದು ಸಿವಿಟಿ, ನಮ್ಮ ಸ್ಕೂಟರ್‌ಗಳ ಥರ ಪುಲ್ಲಿ ಮತ್ತೆ ರಬ್ಬರ್ ಬೆಲ್ಟು. ನೀವು ನೋಡಬೇಕಾದ್ದು ಆ ಬೆಲ್ಟನ್ನ, ಪಕ್ಕದ ಮುಖ ಹೊಳೀತಿದ್ರೆ ಜಾರ್ತಿದೆ ಅಂತ. ಹಿಂದಕ್ಕೆ ಹೋಗೋದು ಶಾಫ್ಟು, ಅಲ್ಲಿ ಬೆಲ್ಟ್ ಇಲ್ಲ.

ಪ್ರಶ್ನೆ: ಸಾರ್, ನಾನು ಆಟೋ ಓಡ್ಸೋದು. ನಿಮ್ಮ ಕಾಲಂ ತಪ್ಪದೇ ಓದ್ತೀನಿ. ನಮ್ದೂ ಮೂರು ಚಕ್ರಾನೇ ಅಲ್ವಾ? ಹೋದ ತಿಂಗಳು ಕಾರಿಗೆ ಹಾಕೋ ಒಳ್ಳೇ ಎಣ್ಣೆ ಕಮ್ಮಿ ರೇಟಿಗೆ ಸಿಕ್ತು ಅಂತ ಹಾಕ್ಸಿದೆ, ಆಮೇಲಿಂದ ಏರಲ್ಲಿ ಎಳೀತಿಲ್ಲ.
– ದಾವಣಗೆರೆ

ಉತ್ತರ: ಅಣ್ಣ, ಚಕ್ರ ಮೂರೇ ಆದ್ರೂ ನಿಮ್ದು ಉಲ್ಟಾ, ಮುಂದೆ ಒಂದು ಹಿಂದೆ ಎರಡು, ಡಿಫರೆನ್ಷಿಯಲ್ಲಿಂದ ಎರಡಕ್ಕೂ ಎಳೆತ ಹೋಗುತ್ತೆ. ಮೇಲೆ ಹೇಳಿದ ಸ್ಲಿಂಗ್‌ಶಾಟ್ ಕ್ಲಚ್ಚು ಒಣ ಕ್ಲಚ್ಚು, ನಿಮ್ಮ ಫೋರ್ ಸ್ಟ್ರೋಕ್ ಆಟೋದ್ದು ಎಂಜಿನ್ ಎಣ್ಣೇಲೇ ಮುಳುಗಿರೋ ಹಲವು ಪ್ಲೇಟಿಂದು. ಕೆಲವು ಕಾರಿನ ಎಣ್ಣೇಲಿ ಘರ್ಷಣೆ ಕಮ್ಮಿ ಮಾಡೋ ವಸ್ತು ಸೇರಿಸಿರ್ತಾರೆ, ಎಂಜಿನ್ನಿಗೆ ಒಳ್ಳೇದು, ನಿಮ್ಮ ಪ್ಲೇಟಿಗೆ ಅದೇ ವಿಷ. ಆ ಎಣ್ಣೆ ಇವತ್ತೇ ಇಳಿಸಿ ಜಾಸೊ ಎಂಎ (ಎಣ್ಣೇಲಿ ಮುಳುಗಿರೋ ಕ್ಲಚ್ಚಿಗೆ ಆಗೋ ಎಣ್ಣೆಯ ಗುರುತು) ಅಂತ ಬರೆದಿರೋ, ನಿಮ್ಮ ಗಾಡಿಗೆ ಕಂಪನಿ ಹೇಳಿದ ಗ್ರೇಡ್ ಹಾಕ್ಸಿ, ಕ್ಲಚ್ ಕೇಬಲ್ ಫ್ರೀ ಪ್ಲೇ ಸರಿ ಮಾಡ್ಸಿ ಒಂದು ವಾರ ಓಡ್ಸಿ ನೋಡಿ. ಆಮೇಲೂ ಎಳೀಲಿಲ್ಲ ಅಂದ್ರೆ ಪ್ಲೇಟ್ ಸೆಟ್ ಹಾಕ್ಸಿ, ಸ್ಪ್ರಿಂಗೂ ಜೊತೆಗೆ.